ಗೋಕಿಲಾಳ ಬಾಯಿಗೆ ಬೀಗ

"ಇದು ತಮಿಳೇ. ನೀವು ಕರಾರು ಮುರಿದಿದ್ದೀರಿ," ಎಂದು ದೀನದಯಾಳನ್ ತಮಿಳಿನಲ್ಲೇ ಹೇಳಿ, ಮೊಬೈಲನ್ನು ಗೋಕಿಲಾಳ ಮುಂದೆ ಹಿಡಿದ. ಅವನು ಟೀವಿ ಚಾನೆಲ್ಲಿನ ಕಾನೂನು ವಿಭಾಗದವನು. ಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಬಂದಿದ್ದ, ಕೊಟ್ಟ ನೀರನ್ನೂ ಮುಟ್ಟಿರಲಿಲ್ಲ.

ಗೋಕಿಲಾ ಎಂದರೆ ಆ ಚಾನೆಲ್ಲಿನ ಬೆಳಗಿನ ಕಾರ್ಯಕ್ರಮದ ತಾರೆ. ಕೊಯಮತ್ತೂರಿನ ಸಿಟಿ ಬಸ್ಸುಗಳ ಬೆನ್ನ ಮೇಲೂ ಅವಳದೇ ನಗು. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅಂದ ಹಾಗೆ, ಹೊಸದಾಗಿ ಬಂದ ಮೇಲಧಿಕಾರಿಗೆ ಆ ನಗುವಿನಲ್ಲೇ ಕೊರತೆ ಕಂಡಿತು. ಹೋದ ತಿಂಗಳು ಕೈಬಿಟ್ಟರು. ಕೈಬಿಟ್ಟವರು ಬಾಯಿಯನ್ನಾದರೂ ಬಿಡಬೇಕಲ್ಲ! ಒಂದು ವರ್ಷ ಯಾವ ಪರದೆಯ ಮೇಲೂ ತಮಿಳಿನಲ್ಲಿ ನಿರೂಪಣೆ ಮಾಡಕೂಡದು, ಮಾಡಿದರೆ ಪಡೆದ ಸಂಬಳ ವಾಪಸು ಎಂದು ಕರಾರು. ಆದರೆ ಹತ್ತಿರದ ಕಿಣತ್ತುಕಡವಿನ ಅವಳ ಈ ನೇಕಾರರ ಮನೆಯ ಹೊಸ್ತಿಲೊಳಗೆ ಆಡುವುದು ಕನ್ನಡವೆಂದು ಕರಾರು ಬರೆದವರಿಗೇನು ಗೊತ್ತು? ಗೋಕಿಲಾ ತನ್ನ ಅಜ್ಜಿ ಜಾನಕಿಯಮ್ಮನನ್ನು ಒಲೆಯ ಮುಂದೆ ನಿಲ್ಲಿಸಿ, ಮನೆಮಾತಿನಲ್ಲೇ ಅಡುಗೆಯ ವಿಡಿಯೊ ಮಾಡಿದಳು. ಜನ ಮುಗಿಬಿದ್ದು ನೋಡಿದರು. ಚಾನೆಲ್ಲೂ ನೋಡಿತು.

ದೀನದಯಾಳನ್ ಹುರುಳಿ ಸಾರಿನ ವಿಡಿಯೊ ಹಾಕಿದ. "ವಣಕ್ಕಂ, ಎಲ್ಲಾರೂ ಚೆನ್ನಾಗಿದ್ದೀರಾ? ಈವತ್ತು ನಮ್ಮಜ್ಜಿ ಕೊಳ್ಳು ಕೊಳಂಬು ಮಾಡಾದು ಸೊಲ್ಲಿ ಕೊಡ್ತಾರೆ. ಮೊದಲು ಪುಳಿ ನೆನೆಸಿ ಇಕ್ಕಿ, ಅಪ್ಪುರಂ ವೆಂಗಾಯ ಹುರೀರಿ..." ಅಜ್ಜಿ ಹುಣಸೆ ನೆನೆಸಿಟ್ಟು, ಆಮೇಲೆ ಈರುಳ್ಳಿ ಹುರಿಯಲು ಹೋಗಿ, ಸೌಟನ್ನು ಕೈಯಲ್ಲೇ ಹಿಡಿದುಕೊಂಡು ಸೌಟು ಹುಡುಕುತ್ತ ಬೈಯುವ ಕಡೆ ಅವನಿಗೇಕೋ ಕೆಮ್ಮು ಬಂತು. ಕೆಮ್ಮು ಮುಗಿಸಿ, "ವಣಕ್ಕಂ, ಕೊಳಂಬು, ಪುಳಿ, ವೆಂಗಾಯ, ಅಪ್ಪುರಂ. ಇವೆಲ್ಲ ಯಾವ ಭಾಷೆ ಮೇಡಂ?" ಎಂದ.

ಮಾತು ಬಿಟ್ಟರೆ ಗೋಕಿಲಾಳಿಗೆ ಬೇರೆ ಕಸುಬು ಬಾರದು. ಆದರೂ ಸೋಲಲಿಲ್ಲ. "ಇರಿ, ಅಸಲಿ ಕನ್ನಡದವರನ್ನೇ ಕರೆಸ್ತೀನಿ," ಎಂದು ಮಹಡಿಯ ಬಾಡಿಗೆಯವಳಾದ ಶೋಭನಾಳನ್ನು ಕೂಗಿದಳು. ದಾವಣಗೆರೆಯಿಂದ ಬಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಶೋಭನಾ ವಿಡಿಯೊವನ್ನು ಗಮನವಿಟ್ಟು ನೋಡಿದಳು.

"ಇದು ಕನ್ನಡಾನಾ?" ಎಂದು ಕಣ್ಣರಳಿಸಿದಳು. "ಅಯ್ಯೋ, ನೀವು ಮನೇಲಿ ತಮಿಳು ಮಾತಾಡ್ತೀರಿ ಅಂತಾನೇ ನಾನು ಇಷ್ಟು ದಿನ ಅಂದ್ಕೊಂಡಿದ್ದೆ!"

ಬೇಲಿ ಮೇಲಿನ ಓತಿಕ್ಯಾತವನ್ನು ತಾನೇ ಹಿಡಿದು ಮೈಮೇಲೆ ಬಿಟ್ಟುಕೊಂಡ ಹಾಗಾಯಿತು ಗೋಕಿಲಾಳಿಗೆ. ದೀನದಯಾಳನ್ ಆಗಲೇ ಚೆನ್ನೈಯ ಮೇಲಧಿಕಾರಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ವಿಡಿಯೊ ಕಳಿಸಿದ. ಆ ಕಡೆ ವಿಡಿಯೊ ಎರಡು ಸಲ ಓಡಿದ್ದು ಕೇಳಿಸಿತು. ಆಮೇಲೆ, "ಏನ್ರೀ ಇದು? ಅಲ್ಲೊಂದು ಪುಳಿ, ಇಲ್ಲೊಂದು ವೆಂಗಾಯ ಗೊತ್ತಾಯಿತು, ಮಿಕ್ಕದ್ದು ಏನೂ ಇಲ್ಲ. ಇದನ್ನು ತಮಿಳು ಅಂದರೆ ಕೋರ್ಟಿನಲ್ಲಿ ನಮ್ಮನ್ನೇ ನೋಡಿ ನಕ್ಕಾರು. ನಿಮಗೇನಾದರೂ ಅರ್ಥವಾಯಿತಾ?" ಎಂದಿತು ದನಿ.

ಅವನು ಜಾನಕಿಯಮ್ಮನ ಕಡೆ ಒಮ್ಮೆ ನೋಡಿ, "ಒಂದು ಮಾತೂ ಇಲ್ಲ ಸಾರ್," ಎಂದ.

"ಹಾಗಾದರೆ ಬಿಡಿ ಅತ್ತ." ಫೋನು ಕಟ್ಟಾಯಿತು. ಗೋಕಿಲಾ ಕೂತಲ್ಲೇ ಕುಣಿದಳು.

ಇಷ್ಟು ಹೊತ್ತೂ ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಜಾನಕಿಯಮ್ಮ ರಾಟೆ ನಿಲ್ಲಿಸಿದರು. "ಅವರೂ ತಮ್ಮದಲ್ಲಾಂದ್ರು, ಈ ಮಹಡಿ ಪುಳ್ಳೇನೂ ತನ್ನದಲ್ಲಾಂದ್ಳು. ಒಳ್ಳೇದೇ ಆತು. ಇನ್ನ ಇದುಕ್ಕೆ ಪಾಲು ಕೇಳಾಕೆ ಯಾರೂ ಬರಾದಿಲ್ಲ," ಎಂದು ಮತ್ತೆ ರಾಟೆ ತಿರುಗಿಸಿದರು. ಶೋಭನಾ ನಾಚಿ ನಕ್ಕಳು.

ದೀನದಯಾಳನ್ ಹೊರಟ. ಬಾಗಿಲ ಹೊರಗೆ ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡವನು ಹಾಗೇ ನಿಂತ. ಬೀದಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಅತ್ತಿತ್ತ ನೋಡಿದ. ಆಮೇಲೆ ಜಾನಕಿಯಮ್ಮನ ಕಡೆ ಬಾಗಿ, ತಮಿಳು ಬಿಟ್ಟು, ಮೆಲ್ಲಗೆ ಹೇಳಿದ: "ಅಜ್ಜೀ, ಅಡುತ್ತ ವಾಟಿ ವಿಡಿಯೊ ಮಾಡಾಗ ರಾಗಿಹಿಟ್ಟು ತೊಳಸಾದು ತೋರಿಸಿ. ನಮ್ಮವ್ವ ಹೋದಮೇಲೆ ಪೋತ್ತನೂರಿನ ನಮ್ಮ ಮನೇಲಿ ಹಿಟ್ಟು ಇಕ್ಕೋರೂ ಇಲ್ಲ, ಈ ಮಾತು ಆಡೋರೂ ಇಲ್ಲ."

"ಮತ್ತೆ ಯಾಕೆ ಇನ್ನೊಂದು ಕಾಲಿಗೂ ಚಪ್ಪಲಿ ಹುಡುಕ್ತೀಯ ಮಗಾ?" ಎಂದು ಗದರಿದರು ಜಾನಕಿಯಮ್ಮ. "ಆ ಒಂದನ್ನೂ ಬಿಟ್ಟು ಒಳಗೆ ಬಾ."