ಕೊಹ್ಯಾಬಿಟ್ ಅಂದರೆ

ಹುಣಸಮಾರನಹಳ್ಳಿಯ ತವರಿನಲ್ಲಿದ್ದ ಗೌರಮ್ಮನಿಗೆ ಗಂಡ ಚಿಕ್ಕಬೈರಪ್ಪನ ವಕೀಲರಿಂದ ರಿಜಿಸ್ಟರ್ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು. ಅದನ್ನು ಹಿಡಿದುಕೊಂಡು ಅವಳು ನೇರವಾಗಿ ಸ್ಕೂಲಿಗೆ ಹೋದಳು.

ಮುನಿವೆಂಕಟಯ್ಯ ಮೇಷ್ಟ್ರು ಎರಡು ಸಲ ಓದಿದರು. "ತಕ್ಕ ಕಾರಣವಿಲ್ದೆ ಗಂಡನ ಜೊತೆ ಕೊಹ್ಯಾಬಿಟ್ ಮಾಡಕ್ಕೆ ಒಪ್ತಿಲ್ಲ, ಹದಿನೈದು ದಿನದಲ್ಲಿ ಬರದಿದ್ರೆ ಕೋರ್ಟಿಗೆ ಹೋಗ್ತೀವಿ ಅಂತ ಬರ್ದವ್ರೆ ಕಣಮ್ಮ."

"ಅದೇನ್ ಮೇಷ್ಟ್ರೇ, ನಾನು ಮಾಡಲ್ಲ ಅಂದಿದ್ದು?"

ಮೇಷ್ಟ್ರು ಸಂಕೋಚಪಟ್ಟುಕೊಂಡು ಬೀರುವಿನಿಂದ ಡಿಕ್ಷನರಿ ತೆಗೆದರು. ಹಾಳೆ ತಿರುವಿ, ತಲೆ ಎತ್ತದೆ ಹೇಳಿದರು: "ಕೂಡಿ ಬಾಳೋದು. ಗಂಡ ಹೆಂಡ್ತಿ ಇರ್ತಾರಲ್ಲ, ಹಂಗೆ."

ಗೌರಮ್ಮ ಡಿಕ್ಷನರಿಯತ್ತ ಬಗ್ಗಿದಳು. "ಆರು ವರ್ಸ ಮುದ್ದೆ ಮಾಡಿ ಇಕ್ಕಿದೀನಿ. ಆವಯ್ಯ ಉಂಡು, ಕೈ ತೊಳ್ಕೊಂಡು, ಎದ್ದೋಗೋದು. ನಮ್ಮಪ್ಪ ಸತ್ತ ದಿನಾನೂ, ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದ್ದೊಂದೇ ಮಾತು. ಅದೂ ಇದ್ರಲ್ಲಿ ಸೇರ್ತದಾ, ನೋಡಿ."

ಮೇಷ್ಟ್ರು ಮತ್ತೆ ಪುಸ್ತಕ ನೋಡಿದರು. ಅದರಲ್ಲಿ ಅಷ್ಟೆಲ್ಲ ಬರೆದಿರಲಿಲ್ಲ.

"ಉತ್ರ ಬರೀರಿ," ಎಂದಳು ಗೌರಮ್ಮ. "ನಾನು ಬತ್ತೀನಿ. ಆದ್ರೆ ಈ ಮಾತಿನ ಅರ್ಥ ಆವಯ್ಯನೇ ಬಂದು ಹೇಳ್ಬೇಕು."

ಮುಂದಿನ ಭಾನುವಾರ ಬೆಳಿಗ್ಗೆ ಚಿಕ್ಕಬೈರಪ್ಪ ಸೋಲದೇವನಹಳ್ಳಿಯಿಂದ ನಡೆದೇ ಬಂದ. ಅವನ ಪಂಚೆಗೆ ಮೊಣಕಾಲಿನವರೆಗೆ ಧೂಳು ಹತ್ತಿತ್ತು. ಗೌರಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನೀರು ತಂದುಕೊಟ್ಟು ಮತ್ತೆ ಸುಲಿಯುವುದಕ್ಕೆ ಕೂತಳು.

ಚೊಂಬು ಬರಿದು ಮಾಡಿದ ಮೇಲೂ ಚಿಕ್ಕಬೈರಪ್ಪ ಅಂಗಳದಲ್ಲೇ ನಿಂತಿದ್ದ. "ಆ ಇಂಗ್ಲಿಸು ನಂಗೆ ಬರಲ್ಲ," ಎಂದ. "ವಕೀಲ್ರು ಬರ್ದಿದ್ದು. ನಾನು ಹೆಬ್ಬೆಟ್ಟು ಒತ್ತಿದ್ದೊಂದೇಯ."

"ಹಂಗಾರೆ ಯಾಕೆ ಬಂದೆ?"

ಅವನು ಚೊಂಬನ್ನು ಕೈಯಲ್ಲೇ ತಿರುಗಿಸಿದ.

"ಕೆಂದಹಸ ಕರ ಹಾಕ್ತು," ಎಂದ. "ಸೋಮವಾರ ಹೊತ್ತು ಹುಟ್ಟೋ ಮುಂಚೆ. ನಿಂಗೆ ಹೇಳಾನ ಅಂತ ಒಳಗೆ ಓಡೋದೆ. ಮನೇಲಿ ಯಾರೂ ಇರ್ಲಿಲ್ಲ."

ಗೌರಮ್ಮನ ಕೈ ಕಾಯಿಯ ಮೇಲೆಯೇ ನಿಂತಿತು.

"ಹೆಣ್ಗರಾನಾ, ಹೋರಿಗರಾನಾ?" ಎಂದು ಕೇಳಿ, ಮೊರವನ್ನು ಆಚೆ ಸರಿಸಿ, ಪಕ್ಕದಲ್ಲಿ ಜಾಗ ಮಾಡಿದಳು.