ಹಗ್ಗ ಬಿಡದ ಅಪ್ಪಾಜಿ

ರಜೆಗೆ ಎಲ್ಲಿಗೆ ಹೋಗೋಣ ಎಂದು ಯೋಚಿಸುತ್ತಿರುವವರು ಇದನ್ನೊಮ್ಮೆ ಓದಿ... ಬೆಳೆದ ಮಕ್ಕಳಿರುವವರು ಎರಡು ಸಲ ಓದಿ.

ಹರಿಹರದಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿರುವ ಮುರಿಗೆಪ್ಪನವರು ಹಿಡಿದ ಪಟ್ಟು ಬಿಡುವವರಲ್ಲ. ಇದು ಊರಿಗೆಲ್ಲ ಗೊತ್ತಿರುವ ವಿಷಯ.

ಅಂಥವರು ದಸರಾ ರಜೆಯಲ್ಲಿ ಮಗಳು ಶಾಂಭವಿಯ ಜೊತೆ ಹೊನ್ನಾವರದ ಕಡೆಯ ಒಂದು ಹಿನ್ನೀರಿಗೆ ಬಂದಿದ್ದರು... ವೇಕ್‌ಬೋರ್ಡಿಂಗ್‌ಗೆ! ಅಂದರೆ ಓಡುವ ಬೋಟಿನ ಹಿಂದೆ ಹಗ್ಗ ಹಿಡಿದು, ಹಲಗೆಯ ಮೇಲೆ ನಿಂತು, ನೀರಿನ ಮೇಲೆ ಜಾರುವ ಆಟ.

ಜಾಗ ಹುಡುಕಿದ್ದು ಶಾಂಭವಿಯೇ. ಸಮುದ್ರದಲ್ಲಿ ಅಲೆ ಜಾಸ್ತಿ, ಹೊಸಬರಿಗೆ ಆಗಿಬರುವುದಿಲ್ಲ... ನೀರು ಸಪಾಟಾಗಿರಬೇಕು, ಕಡಲ ಗಾಳಿ ಏಳುವ ಮೊದಲೇ ಬೆಳಿಗ್ಗೆ ಇಳಿಯಬೇಕು, ಬೋಟ್ ಓಡಿಸುವವರಿಗೆ ಆ ನೀರಿನ ಆಳ ಗೊತ್ತಿರಬೇಕು ಎಂದು ದಾರಿಯುದ್ದಕ್ಕೂ ಅಪ್ಪನಿಗೆ ಪಾಠ ಮಾಡಿದ್ದಳು.

ಇಷ್ಟೆಲ್ಲ ಅವಳಿಗೆ ಹೇಗೆ ಗೊತ್ತು? ಕಳೆದ ಎರಡು ರಜೆಗಳಲ್ಲಿ ಅಪ್ಪನ ಕಣ್ಣು ತಪ್ಪಿಸಿ, ಗೆಳತಿಯರ ಜೊತೆ ಇಲ್ಲಿಗೇ ಬಂದು ಕಲಿತಿದ್ದಳು.

ಈಗ ಒಂದು ವರ್ಷ ಇಲ್ಲಿಯೇ ಉಳಿದು ಕೋಚ್ ಆಗುವ ತರಬೇತಿಗೆ ಅವಳಿಗೆ ಸೀಟು ಸಿಕ್ಕಿತ್ತು. ಹೌದೋ ಅಲ್ಲವೋ ಎಂದು ಅವತ್ತು ಮಧ್ಯಾಹ್ನದೊಳಗೆ ಹೇಳಬೇಕಿತ್ತು.

ಮುರಿಗೆಪ್ಪನವರು ಬಂದದ್ದೇ ‘ಬೇಡ’ ಎನ್ನಲು. ಆದರೆ ಮಗಳ ಮುಖ ನೋಡಿ ಮನಸ್ಸು ತಡೆಯಲಿಲ್ಲ... ನಾನೊಮ್ಮೆ ನಿಂತು ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದುಬಿಟ್ಟರು.

ಐವತ್ತೆಂಟರ ವಯಸ್ಸು... ಲೈಫ್ ಜಾಕೆಟ್ಟಿನ ಬಕಲ್ ಆ ಹೊಟ್ಟೆಯ ಮೇಲೆ ಕೂರಲು ಒಪ್ಪಲೇ ಇಲ್ಲ! ಇಬ್ಬರು ಸೇರಿ ಎಳೆದು ಹಾಕಬೇಕಾಯಿತು.

ಬೋಟ್ ಓಡಿಸುವವರು ಅಲ್ಲಿಯ ದಾಮೋದರ ಅಂಬಿಗ. ಮೊಣಕಾಲು ಮಡಚಿ ನೀರಲ್ಲಿ ಕೂತಿರಿ, ನೀವು ಎಳೆಯಬೇಡಿ, ಬೋಟೇ ನಿಮ್ಮನ್ನು ಎಬ್ಬಿಸುತ್ತದೆ ಎಂದು ವಿವರಿಸಿದರು. ಕೊನೆಗೆ ಒಂದು ಮಾತು ಸೇರಿಸಿದರು.

“ರೆಡಿ ಆದ್ಮೇಲೆ ಜೋರಾಗಿ ‘ಬಿಡಿ’ ಅನ್ನಿ ಸಾರ್. ನಾನು ಬೋಟ್ ಬಿಡ್ತೆ.”

ಶಾಂಭವಿ ಬೋಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕುಳಿತಳು. ಬಿದ್ದರೆ ಕೂಡಲೇ ಹಗ್ಗ ಬಿಟ್ಟುಬಿಡಿ ಎಂದು ಅಪ್ಪನಿಗೆ ಮೂರು ಸಲ ಹೇಳಿದ್ದಳು.

“ಬಿಡ್ರೀ” ಎಂದರು ಮುರಿಗೆಪ್ಪ. ಬೋಟ್ ಹೊರಟಿತು. ಒಂದೇ ಒಂದು ಕ್ಷಣ ಎದ್ದು ನಿಂತರು... ಮರುಕ್ಷಣ ಮಕಾಡೆ ಬಿದ್ದರು.

ಆದರೆ ಹಗ್ಗ? ಬಿಡಲೇ ಇಲ್ಲ! ಬೋಟ್ ಅವರನ್ನು ದರದರನೆ ಎಳೆದುಕೊಂಡು ಹೋಯಿತು.

ನನ್ನನ್ನು ಬಿಡಿ ಎಂಬರ್ಥದಲ್ಲಿ ಅವರು “ಬಿಡ್ರೀ... ಬಿಡ್ರೀ” ಎಂದು ಕೂಗಿದರು. ಹಗ್ಗ ಬಿಡಿ ಎಂದು ಮಗಳೂ “ಬಿಡಿ... ಬಿಡಿ” ಎಂದು ಕೂಗಿದಳು.

ಅಪ್ಪ ಮಗಳಿಬ್ಬರೂ ಬೋಟ್ ಜೋರಾಗಿ ಬಿಡಲು ಇಷ್ಟು ಅವಸರ ಮಾಡುತ್ತಿದ್ದಾರಲ್ಲ ಎಂದು ದಾಮೋದರ ಇನ್ನಷ್ಟು ಸ್ಪೀಡ್ ಕೊಟ್ಟರು!

ಶಾಂಭವಿ ಎದ್ದು ಹೋಗಿ ದಾಮೋದರರ ಭುಜ ಹಿಡಿದ ಮೇಲೆಯೇ ಬೋಟ್ ನಿಂತಿತು. ಅಪ್ಪನನ್ನು ಮೇಲೆತ್ತಿಕೊಂಡಾಗ ಮೂಗು ಬಾಯಲ್ಲೆಲ್ಲ ನೀರು, ಅಂಗೈ ಕೆಂಪಗೆ... ಹಗ್ಗದ ಹಿಡಿಕೆ ಇನ್ನೂ ಮುಷ್ಟಿಯಲ್ಲೇ ಇತ್ತು.

ಅಷ್ಟು ಹೇಳಿದರೂ ಯಾಕೆ ಬಿಡಲಿಲ್ಲ ಎಂದು ಮಗಳು ಅಳುವ ದನಿಯಲ್ಲಿ ಕೇಳಿದಳು.

ಮುರಿಗೆಪ್ಪ ತಮ್ಮ ಅಂಗೈ ನೋಡಿಕೊಂಡರು. ಆಮೇಲೆ, ಹದಿನೇಳು ವರ್ಷ ಯಾರಿಗೂ ಹೇಳದ ಮಾತು ಹೇಳಿದರು.

ಶಾಂಭವಿಗೆ ಆಗ ಆರು ವರ್ಷ. ತುಂಗಭದ್ರೆಯ ಮೆಟ್ಟಿಲಲ್ಲಿ ಕಾಲು ಜಾರಿ ಹೊಳೆಗೆ ಬಿದ್ದಳು. ಅವರ ಕೈಗೆ ಸಿಕ್ಕಿದ್ದು ಅವಳ ಒಂದು ಮಣಿಕಟ್ಟು ಮಾತ್ರ...

ದಡಕ್ಕೆ ತಂದ ಮೇಲೂ ಅವರಿಗೆ ಆ ಕೈ ಬಿಡಲು ಆಗಲಿಲ್ಲ. ಅಲ್ಲಿದ್ದವರು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

“ಅವತ್ತಿಂದ ನಂಗೆ ಬಿಡೋದು ಬರಲ್ಲ ಕಣವ್ವಾ. ನೀನು ಚಿಕ್ಕೋಳು, ಮರ್ತಿದೀಯ” ಎಂದರು.

ಶಾಂಭವಿ ಆ ಕೆಂಪಾದ ಅಂಗೈಯನ್ನು ತನ್ನ ಕೈಗೆ ತೆಗೆದುಕೊಂಡಳು.

“ಮರ್ತಿಲ್ಲ ಅಪ್ಪಾಜಿ. ನೀರೊಳಗೆ ನಿಮ್ಮ ಕೈ ಒಂದೇ ನಂಗೆ ನೆನಪಿರೋದು... ನೀವು ಅಷ್ಟು ಗಟ್ಟಿಯಾಗಿ ಹಿಡಿದಿದ್ದಕ್ಕೇ ನಂಗೆ ಇವತ್ತಿಗೂ ನೀರಂದ್ರೆ ಭಯ ಇಲ್ಲ.”

ನೀರಿನಿಂದ ದೂರ ಇಡಲು ಮುರಿಗೆಪ್ಪನವರು ಹಿಡಿದ ಕೈಯೇ ಅವಳಿಗೆ ನೀರಿಗಿಳಿಯುವ ಧೈರ್ಯ ಕೊಟ್ಟಿತ್ತು!

ಈಗ ನೀವು ಕೂತು ನೋಡಿ ಎಂದು ಹೇಳಿ ಮಗಳು ಇನ್ನೊಂದು ಹಲಗೆ ತೆಗೆದುಕೊಂಡು ನೀರಿಗಿಳಿದಳು. ಇದು ವೇಕ್‌ಸರ್ಫಿಂಗ್. ಇದರಲ್ಲಿ ಏಳುವವರೆಗೆ ಮಾತ್ರ ಹಗ್ಗ ಬೇಕು.

ದಾಮೋದರ ಬೋಟನ್ನು ನಿಧಾನಕ್ಕೆ ಓಡಿಸಿದರು. ಹಿಂದೆ ಒಂದು ದಪ್ಪ ಅಲೆ ಎದ್ದಿತು. ಶಾಂಭವಿ ಎದ್ದು ನಿಂತಳು... ಹಗ್ಗವನ್ನು ಅಪ್ಪನ ಕಡೆಗೆ ಎಸೆದೇಬಿಟ್ಟಳು!

ಹಿಡಿಕೆ ಅವರ ಮಡಿಲಿಗೆ ಬಂದು ಬಿತ್ತು. ಅವರು ಗಾಬರಿಯಲ್ಲಿ ಅದನ್ನು ವಾಪಸ್ ಎಸೆಯಲು ಎದ್ದರು...

ಮಗಳು ಬಿದ್ದಿರಲಿಲ್ಲ. ಎರಡೂ ಕೈ ಚಾಚಿ, ಹಗ್ಗವೇ ಇಲ್ಲದೆ, ಆ ಅಲೆಯ ಮೇಲೆ ನಗುತ್ತ ಬರುತ್ತಿದ್ದಳು.

ದಾಮೋದರ ಹಿಂತಿರುಗಿ ನೋಡಿದರು. ಸಾಹುಕಾರರ ಕಣ್ಣಲ್ಲಿ ಧಾರಾಕಾರ ನೀರು. ದಾಮೋದರರಿಗೂ ಗಾಬರಿಯಾಗಿ, ಬೋಟ್ ನಿಲ್ಲಿಸಲೇ ಎಂದು ಕೇಳಿದರು.

ಮುರಿಗೆಪ್ಪ ಹಗ್ಗವನ್ನು ಮೆಲ್ಲಗೆ ಕಾಲ ಬಳಿ ಇಟ್ಟರು.

“ನಿಲ್ಲಿಸಬ್ಯಾಡ್ರಿ... ಬಿಡ್ರಿ.”

ಈ ಸಲ ದಾಮೋದರರಿಗೆ ಅರ್ಥ ತಪ್ಪಲಿಲ್ಲ. ಬೋಟ್ ಮುಂದೆ ಹೋಯಿತು.

ಮಧ್ಯಾಹ್ನ ಹನ್ನೆರಡಕ್ಕೆ ಮುರಿಗೆಪ್ಪನವರು ಹೆಂಡತಿಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ... “ಮಗಳನ್ನ ಒಂದು ವರ್ಷ ಇಲ್ಲೇ ಬಿಟ್ಟು ಬರ್ತಿದೀನಿ. ನೀನು ಅಳಬೇಡ, ನಮ್ಮಿಬ್ಬರ ಪಾಲಿನದ್ದೂ ನಾನೇ ಅತ್ತಾಗಿದೆ.”

*

ಬೀಳುವ ಮಕ್ಕಳನ್ನು ಹಿಡಿಯುವುದು ಪ್ರೀತಿ... ಎದ್ದು ನಿಂತ ಮಕ್ಕಳನ್ನು ಬಿಡುವುದೂ ಅದೇ ಪ್ರೀತಿ.

ನಿಮ್ಮ ಮುಷ್ಟಿಯಲ್ಲಿ ಇನ್ನೂ ಯಾರ ಹಗ್ಗ ಇದೆ?