ಡೇರಿ ಮುಂದೆ ಹನ್ನೊಂದು ಮನೆ

ಹುಚ್ಚಯ್ಯ ಚಪ್ಪಲಿ ಕಳಚಿ ಸಾಲಿನ ತುದಿಯಲ್ಲಿಟ್ಟು, ಇದು ನನ್ನ ಜಾಗ ಎಂದು ಉಡಿಗಾಲದ ಹಾಲಿನ ಡೇರಿ ಮುಂದೆ ಎಲ್ಲರಿಗೂ ಕೇಳುವಂತೆ ಸಾರಿದ. ಅದು ಬಡವರ ತುದಿ.

ಸಾಲು ನಿಲ್ಲಿಸಿದವಳು ಸರ್ವೆ ಹುಡುಗಿ ಚೈತ್ರ. ಐದು ವರ್ಷದ ಹಿಂದೆ ವರಮಾನ ಕೇಳಿಕೊಂಡು ಹೋಗಿದ್ದ ಅದೇ ಹನ್ನೊಂದು ಮನೆಗೆ, ಈಗೆಷ್ಟು ಏರಿದೆ ನೋಡೋಣವೆಂದು ಮತ್ತೆ ಬಂದಿದ್ದಳು. ಒಂದು ಪೈಸೆ ಏರಿರಲಿಲ್ಲ. ಈ ಮಧ್ಯೆ ಮೂರು ಮನೆಗೆ ಆರ್‌ಸಿಸಿ ತಾರಸಿ ಬಿದ್ದಿತ್ತು, ಮಹಾಲಿಂಗನ ಬಾಗಿಲಲ್ಲಿ ಹೊಸ ಟ್ರ್ಯಾಕ್ಟರು ನಿಂತಿತ್ತು. ವರಮಾನ ಮಾತ್ರ ಎಲ್ಲರದೂ ರೇಷನ್ ಕಾರ್ಡಿಗೆ ಧಕ್ಕೆಯಾಗದಷ್ಟೇ. ಕಾರ್ಡಿಗೂ ತನಗೂ ಸಂಬಂಧವಿಲ್ಲವೆಂದು ಪಾಪ ಅವಳು ಆಣೆ ಮಾಡಿದಳು. ಆಮೇಲಂತೂ ಯಾರೂ ನಂಬಲಿಲ್ಲ.

ಕೊನೆಗೆ ಚೈತ್ರ ಬೇರೆ ದಾರಿ ಹಿಡಿದಳು. ಯಾರೂ ಲೆಕ್ಕ ಹೇಳುವುದು ಬೇಡ; ಕಮ್ಮಿ ವರಮಾನದವರು ಈ ಕಡೆ, ಜಾಸ್ತಿಯವರು ಆ ಕಡೆ, ನಿಮ್ಮ ನಿಮ್ಮಲ್ಲೇ ಮಾತಾಡಿಕೊಂಡು ನಿಲ್ಲಿ; ಸರಿಯಾಗಿ ಮಧ್ಯದಲ್ಲಿ ನಿಂತವರೊಬ್ಬರನ್ನು ಕೇಳಿದರೆ ನನಗೆ ಸಾಕು ಎಂದಳು. ಹೇಳಿದ್ದೇ ತಡ, ಅಲ್ಲಿದ್ದ ಯಜಮಾನರೆಲ್ಲ ಒಂದೇ ತುದಿಗೆ ನುಗ್ಗಿದರು. ನ್ಯಾಯಬೆಲೆ ಅಂಗಡಿ ಮುಂದೆ ಚಪ್ಪಲಿ ಬಿಟ್ಟು ಜಾಗ ಹಿಡಿದು ಪಳಗಿದ್ದ ಹುಚ್ಚಯ್ಯ ಗೆದ್ದ. ಮಹಾಲಿಂಗ ಅವನ ಬೆನ್ನಿಗೇ ಅಂಟಿಕೊಂಡ. ಹಾಲು ಹಾಕಿ ಬರುವಷ್ಟರಲ್ಲಿ ಸಾಲು ತುಂಬಿಹೋಗಿ, ಬಡಪಾಯಿ ನೀಲಕಂಠಸ್ವಾಮಿ ಊರಿಗೇ ಸಾಹುಕಾರನಾಗಿಬಿಟ್ಟಿದ್ದ.

ಆಗಲೇ ಆಟೋ ಬಂದು ನಿಂತದ್ದು. ಅದರಿಂದಿಳಿದ ಬಿಳಿ ಪಂಚೆಯವರನ್ನು ಹುಚ್ಚಯ್ಯ ಕಂಡಕೂಡಲೇ ಗುರುತು ಹಿಡಿದ. ಮದ್ದೂರಿನ ಮಹದೇವಪ್ಪ! ಮಗಳು ಸ್ಪಂದನಾಳನ್ನು ಕೊಡುವ ಮೊದಲು ಹುಡುಗನ ಮನೆ ನೋಡಲು ಮಧ್ಯಾಹ್ನ ಬರಬೇಕಿದ್ದವರು ಬೆಳಗ್ಗೆಯೇ ಬಂದಿದ್ದರು. ಹುಚ್ಚಯ್ಯನ ಮಗ ಗಣೇಶ ಟೆಂಪೋದಲ್ಲಿ ತರಕಾರಿ ತುಂಬಿಕೊಂಡು ಕೇರಳಕ್ಕೆ ಹೋಗಿ ಬರುವವನು, ಮೂವತ್ತು ದಾಟಿದವನು. ಹಿಂದೆಯೂ ಹೆಣ್ಣಿನ ಕಡೆಯವರು ಬಂದು, ಮನೆ ನೋಡಿ, ಕಾಫಿ ಕುಡಿದು ಹೋದವರು ಮತ್ತೆ ಫೋನೇ ಎತ್ತಿರಲಿಲ್ಲ. ಇದೂ ತಪ್ಪಿದರೆ ಮಗನ ಮುಖ ಹೇಗೆ ನೋಡುವುದು ಎಂದು ಹುಚ್ಚಯ್ಯನಿಗೆ ನಿಜವಾಗಿಯೂ ಸಂಕಟವಾಯಿತು. ಮಧ್ಯವರ್ತಿಯ ಬಾಯಲ್ಲಿ ಬೇರೆ, ನಮಗೇನು ಕಮ್ಮಿ ಎಂದು ಹೇಳಿ ಕಳಿಸಿದ್ದ.

ಒಂದೇ ಉಸಿರಿಗೆ ಸಾಲಿನ ಆ ತುದಿಗೆ ಓಡಿ ನಿಂತ. ನೀಲಕಂಠಸ್ವಾಮಿ ಸಂತೋಷದಿಂದ ಜಾಗ ಬಿಟ್ಟುಕೊಟ್ಟ. ಚಪ್ಪಲಿ ಮಾತ್ರ ಈ ತುದಿಯಲ್ಲೇ ಉಳಿಯಿತು. ಬೀಗರು ಹೋದ ಮೇಲೆ ವಾಪಸು ಬರಬೇಕಲ್ಲ!

ಮಹದೇವಪ್ಪ ಇದೇನು ಸಾಲು ಎಂದು ವಿಚಾರಿಸಿದರು. ಚೈತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಸಾಹುಕಾರರ ತುದಿಯಲ್ಲಿದ್ದ ಹುಚ್ಚಯ್ಯನಿಗೆ ಕೈ ಮುಗಿದು, ಅವನ ಬರಿಗಾಲನ್ನು ಒಮ್ಮೆ ನೋಡಿ, ಸಾಲಿನುದ್ದಕ್ಕೂ ನಡೆದು ಬಂದು ಆ ಚಪ್ಪಲಿಯ ಮುಂದೆ ನಿಂತರು.

"ಯಾರ್ವು ಇವು?"

ಮಹಾಲಿಂಗನಿಗೆ ಎಲ್ಲಿಲ್ಲದ ಸತ್ಯ ಉಕ್ಕಿ ಬಂತು. "ನಿಮ್ ಬೀಗ್ರವೇ ಕಣಣ್ಣ. ಜಾಗ ಇಡ್ಕಂಡವ್ರೆ."

ಹುಚ್ಚಯ್ಯನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇನ್ನು ಮುಚ್ಚಿಡುವುದಕ್ಕೆ ಏನಿದೆ? ಮೆಲ್ಲಗೆ ನಡೆದು ಬಂದ. "ಸುಳ್ಯಾಕೆ ಬುಡಿ, ಬೀಗ್ರೆ. ನಾನು ಆ ತುದೀನೂ ಅಲ್ಲ, ಈ ತುದೀನೂ ಅಲ್ಲ. ಎರಡೂವರೆ ಎಕ್ರೆ ಅರಿಸ್ನ, ಎರಡು ಅಸ, ಮಗನ ಟೆಂಪೋ. ಮಧ್ಯದಲ್ಲೆಲ್ಲೋ ಇವ್ನಿ. ಉಣ್ಣಾಕೆ, ಉಡಾಕೆ ಮೋಸ ಇಲ್ಲ."

ಬೆಳಗಿನಿಂದ ಏನೂ ಬರೆಯದಿದ್ದ ಚೈತ್ರಳ ಪೆನ್ನು ಸರಸರ ಓಡಿತು. ಮಹದೇವಪ್ಪ ಬಗ್ಗಿ ತಮ್ಮ ಚಪ್ಪಲಿಯನ್ನೂ ಕಳಚಿ, ಹುಚ್ಚಯ್ಯನ ಚಪ್ಪಲಿಗಿಂತ ಒಂದು ಗೇಣು ಮುಂದಕ್ಕೆ ಇಟ್ಟರು.

"ಈ ಅಮ್ಮ ಓದ ವಾರ ನಮ್ಮೂರ್ಗೂ ಬಂದಿತ್ತು. ನಾನೂ ಒಂದ್ ಪೈಸೆ ಏರ್ಸ್ನಿಲ್ಲ," ಎಂದರು. "ನಡೀರಿ, ಮನೆ ನೋಡನ."

ಇಬ್ಬರೂ ಬರಿಗಾಲಲ್ಲಿ ಹೆಗಲಿಗೆ ಹೆಗಲು ಕೊಟ್ಟು ಮನೆ ಕಡೆ ಹೊರಟರು. ಅವರು ತಿರುವು ದಾಟುವುದನ್ನೂ ಕಾಯದೆ ಮಹಾಲಿಂಗ ಬಗ್ಗಿ, ಆ ಎರಡು ಜೊತೆಗಿಂತ ಮುಂದೆ ಇಡಲೆಂದು, ತನ್ನ ಹೊಸ ಬೂಟಿನ ಲೇಸು ಬಿಚ್ಚತೊಡಗಿದ್ದ.